ತಪ್ಪಿಲ್ಲದ ತಕರಾರು

ವಾಡಿ ಜಂಕ್ಷನ್ನಿನಲ್ಲಿ ಸಿಕಂದರಾಬಾದ್ ಕಡೆಯ ರೈಲು ಹತ್ತಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರು ಬರುತ್ತದೆ. 1874ರಲ್ಲಿ ನಿಜಾಮರ ಆಡಳಿತದಲ್ಲಿ ಹಾಕಿದ ಹಳಿ ಇದು. ಕಿಟಕಿಯ ಪಕ್ಕ ಕುಳಿತವನಿಗೆ ಸೇಡಂ ಸೀಮೆ ಎಲ್ಲಿ ಮುಗಿಯಿತು, ತಾಂಡೂರು ಸೀಮೆ ಎಲ್ಲಿ ಶುರುವಾಯಿತು ಎಂಬುದು ಗೊತ್ತಾಗುವುದಿಲ್ಲ. ಎರಡೂ ಕಡೆ ಅದೇ ಎರೆಭೂಮಿ, ನೆಲದಡಿ ಅದೇ ಸುಣ್ಣಕಲ್ಲಿನ ಹಾಸು, ಮುಂಗಾರಿನಲ್ಲಿ ಬಿತ್ತಿ ಚಳಿಗಾಲದಲ್ಲಿ ಕೊಯ್ಯುವ ಅದೇ ತೊಗರಿ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ತಾಂಡೂರು ಗುಲಬರ್ಗಾ ಜಿಲ್ಲೆಯದೇ ಒಂದು ತಾಲೂಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಡಂಗಲ್ ಜೊತೆಗೆ ಅದು ಆಂಧ್ರಕ್ಕೆ ಹೋಯಿತು. 2014ರಲ್ಲಿ ತೆಲಂಗಾಣದ ಪಾಲಾಯಿತು.

2019ರಲ್ಲಿ ಕಲಬುರಗಿ ಸೀಮೆಯ ತೊಗರಿಗೆ ‘ಗುಲಬರ್ಗಾ ತೊಗರಿ ಬೇಳೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಜನ ಇದನ್ನು ಜಿಐ ಟ್ಯಾಗ್ ಎನ್ನುತ್ತಾರೆ. ಇಂಥ ನೆಲದಲ್ಲಿ ಬೆಳೆದದ್ದರಿಂದಲೇ ಈ ಸರಕಿಗೆ ಈ ಗುಣ ಬಂದಿದೆ, ಆದ್ದರಿಂದ ಈ ಹೆಸರನ್ನು ಬೇರೆ ಕಡೆಯವರು ಬಳಸಬಾರದು ಎನ್ನುವುದು ಅದರ ತಿರುಳು. ಮೂರು ವರ್ಷಗಳ ನಂತರ, 2022ರಲ್ಲಿ, ‘ತಾಂಡೂರು ತೊಗರಿ’ಗೂ ಅದೇ ಮಾನ್ಯತೆ ಸಿಕ್ಕಿತು. ಒಂದು ಬೇಳೆಯ ಹೆಸರಿನಲ್ಲಿ, ಇನ್ನೊಂದು ಕಾಳಿನ ಹೆಸರಿನಲ್ಲಿ. ಒಂದು ಕಾಲಕ್ಕೆ ಒಂದೇ ಜಿಲ್ಲೆಯ ಬೆಳೆಯಾಗಿದ್ದದ್ದಕ್ಕೆ ಈಗ ಎರಡು ಹೆಸರು, ಎರಡು ಮುದ್ರೆ.

ಇದರಲ್ಲಿ ಯಾರದಾದರೂ ತಪ್ಪಿದೆಯೇ? ಇಲ್ಲ. ಎರಡೂ ಕಡೆಯವರು ಕಾನೂನಿನ ಪ್ರಕಾರ ಅರ್ಜಿ ಹಾಕಿದರು, ಕಾನೂನಿನ ಪ್ರಕಾರ ಪಡೆದರು. ಹಾಗಿದ್ದರೂ ಒಂದು ಪ್ರಶ್ನೆ ಕೇಳಿ ನೋಡೋಣ. ಮೊದಲು ಹೆಸರು ಪಡೆದ ಸೇಡಂ, ಚಿಂಚೋಳಿಯ ರೈತ, ‘ಹೈದರಾಬಾದಿನ ಪೇಟೆಯಲ್ಲಿ ಈ ಮಣ್ಣಿನ ತೊಗರಿಗೆ ಸಿಗುವ ಹೆಚ್ಚಿನ ಬೆಲೆ ನನಗೇ ಬರುತ್ತದೆಂದು ನಂಬಿದ್ದೆ, ಈಗ ಅದು ಹಂಚಿಹೋಯಿತು, ಯಾರೂ ನಿಯಮ ಮುರಿದಿಲ್ಲ, ನಿಜ, ಆದರೆ ನನಗೆ ಬರಬೇಕಾದದ್ದು ಕೈತಪ್ಪಿತು’ ಎಂದರೆ, ಅದು ದೂರು ಆಗುತ್ತದೆಯೇ? ಇದು ನಾನು ಕಲ್ಪಿಸಿಕೊಂಡ ತಕರಾರು. ಆದರೆ ಇದೇ ಜಾತಿಯ ತಕರಾರಿಗೆ ಬೌದ್ಧಿಕ ಆಸ್ತಿಯ ವಿಷಯದಲ್ಲಿ ಅವಕಾಶ ಇರಬೇಕೇ ಬೇಡವೇ ಎಂದು ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಘಟನೆಯಲ್ಲಿ 1995ರಿಂದ ವಾದ ನಡೆದಿದೆ. ತೊಗರಿಯ ಜಿಐ ಮುದ್ರೆ ಯಾವ ಒಪ್ಪಂದದ ಬೇರಿನಿಂದ ಹುಟ್ಟಿತೋ ಅದೇ ಒಪ್ಪಂದದ 64ನೇ ವಿಧಿಯಲ್ಲಿ ಈ ಗಂಟು ಇದೆ.

ಹಳ್ಳಿಯಲ್ಲಿ ಹಿರಿಯರ ಮುಂದೆ ಬರುವ ವ್ಯಾಜ್ಯಗಳನ್ನು ಕಂಡವರಿಗೆ ಈ ಗಂಟು ಹೊಸದೇನಲ್ಲ. ಇಬ್ಬರು ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡರು ಎನ್ನೋಣ. ಬಾವಿ ಇರುವ ಹೊಲ ತಮ್ಮನಿಗೆ, ಅದಕ್ಕೆ ಬದಲಾಗಿ ಎರಡು ಎಕರೆ ಹೆಚ್ಚು ಅಣ್ಣನಿಗೆ. ಕೆಲವು ವರ್ಷಗಳ ಮೇಲೆ ಅಣ್ಣ ತನ್ನ ಹೊಲದಲ್ಲಿ, ತನ್ನ ಬದುವಿನ ಒಳಗೇ, ಆಳವಾದ ಬೋರು ಕೊರೆಸಿದ. ತಮ್ಮನ ಬಾವಿ ಬತ್ತಿತು. ಅಣ್ಣ ಬದು ಒತ್ತಿಲ್ಲ, ಪಾಲುಪಟ್ಟಿಯ ಒಂದಕ್ಷರ ಮುರಿದಿಲ್ಲ. ಆದರೆ ತಮ್ಮ ಎರಡು ಎಕರೆ ಬಿಟ್ಟುಕೊಟ್ಟದ್ದು ಬಾವಿಯ ನೀರಿನ ಆಸೆಗೆ ಎಂಬುದು ಊರಿಗೆಲ್ಲ ಗೊತ್ತು. ಹಿರಿಯರು ಇಂಥಲ್ಲಿ ‘ನಿನ್ನ ತಪ್ಪೇನಿಲ್ಲಪ್ಪ, ಆದರೂ ತಮ್ಮನಿಗೆ ಒಂದಿಷ್ಟು ನೀರು ಬಿಡು’ ಎನ್ನುತ್ತಾರೆ. ಬೋರು ಮುಚ್ಚು ಎನ್ನುವುದಿಲ್ಲ. ತಪ್ಪಿಲ್ಲದ ತಕರಾರಿಗೆ ಊರು ಕಂಡುಕೊಂಡ ದಾರಿ ಇದು. ಅಂತರರಾಷ್ಟ್ರೀಯ ವ್ಯಾಪಾರದವರು ಕಂಡುಕೊಂಡ ದಾರಿಯೂ ಹೆಚ್ಚು ಕಡಿಮೆ ಇದೇ.

1947ರ ಅಕ್ಟೋಬರಿನಲ್ಲಿ 23 ದೇಶಗಳು ಜಿನೀವಾದಲ್ಲಿ ಗ್ಯಾಟ್ ಒಪ್ಪಂದಕ್ಕೆ ಸಹಿ ಹಾಕಿದವು. ಅವುಗಳಲ್ಲಿ ಭಾರತವೂ ಒಂದು. ಆಗ ಸೇಡಂ, ಚಿತ್ತಾಪುರಗಳು ಇನ್ನೂ ಭಾರತಕ್ಕೆ ಸೇರಿರಲಿಲ್ಲ. ನಿಜಾಮನ ಸಂಸ್ಥಾನ ಭಾರತದಲ್ಲಿ ವಿಲೀನವಾಗಲು ಇನ್ನೂ ಒಂದು ವರ್ಷ ಬೇಕಿತ್ತು. ಅದಿರಲಿ. ಗ್ಯಾಟಿನ 23ನೇ ವಿಧಿ ಮೂರು ಬಗೆಯ ದೂರಿಗೆ ಬಾಗಿಲು ತೆರೆಯಿತು. ಒಂದು, ಎದುರು ಪಕ್ಷ ಒಪ್ಪಂದ ಮುರಿದಿದೆ ಎಂಬ ಸಾಮಾನ್ಯ ದೂರು. ಎರಡು, ಒಪ್ಪಂದಕ್ಕೆ ವಿರುದ್ಧವಾಗಿರಲಿ ಇಲ್ಲದಿರಲಿ, ಎದುರು ಪಕ್ಷ ಕೈಗೊಂಡ ಯಾವುದೋ ಕ್ರಮದಿಂದ ತನಗೆ ಒಪ್ಪಂದದಲ್ಲಿ ದಕ್ಕಬೇಕಿದ್ದ ಲಾಭ ಇಲ್ಲವಾಯಿತು ಎಂಬ ದೂರು. ಇದನ್ನು ಉಲ್ಲಂಘನೆಯಿಲ್ಲದ ದೂರು ಎನ್ನೋಣ. ಮೂರನೆಯದು ಇನ್ನೂ ವಿಚಿತ್ರ. ಎದುರು ಪಕ್ಷದ ಕ್ರಮವೇ ಬೇಕಿಲ್ಲ, ‘ಬೇರೆ ಯಾವುದೇ ಪರಿಸ್ಥಿತಿ’ಯಿಂದ ಲಾಭ ಕೆಟ್ಟರೂ ದೂರಬಹುದು. ಈ ಪರಿಸ್ಥಿತಿ ದೂರಿನ ಮೇಲೆ ತೀರ್ಪು ಬಂದದ್ದೇ ಇಲ್ಲ, ಹಾಗಾಗಿ ಅದನ್ನು ಇಲ್ಲಿಗೇ ಬಿಡಬಹುದು.

ಎರಡನೆಯ ಬಗೆಗೆ ಮೊದಲ ದೊಡ್ಡ ಉದಾಹರಣೆ ಗೊಬ್ಬರದ್ದು, ಆದ್ದರಿಂದ ರೈತರಿಗೆ ಬೇಗ ಅರ್ಥವಾಗುವಂಥದು. ಯುದ್ಧಕಾಲದಲ್ಲಿ ಆಸ್ಟ್ರೇಲಿಯ ಎರಡು ಸಾರಜನಕ ಗೊಬ್ಬರಗಳನ್ನು ಸಬ್ಸಿಡಿ ಕೊಟ್ಟು ತನ್ನ ರೈತರಿಗೆ ಹಂಚುತ್ತಿತ್ತು. ಒಂದು ಅಮೋನಿಯಂ ಸಲ್ಫೇಟ್, ಇನ್ನೊಂದು ಚಿಲಿ ದೇಶದಿಂದ ಬರುತ್ತಿದ್ದ ಸೋಡಿಯಂ ನೈಟ್ರೇಟ್. 1947ರಲ್ಲಿ ನೈಟ್ರೇಟಿಗೆ ಸುಂಕ ಹಾಕುವುದಿಲ್ಲವೆಂದು ಆಸ್ಟ್ರೇಲಿಯ ಚಿಲಿಗೆ ಮಾತು ಕೊಟ್ಟಿತು. 1949ರಲ್ಲಿ ನೈಟ್ರೇಟಿನ ಸಬ್ಸಿಡಿ ತೆಗೆದು ಸಲ್ಫೇಟಿನದನ್ನು ಮಾತ್ರ ಉಳಿಸಿಕೊಂಡಿತು. ಕೊಟ್ಟ ಮಾತಿಗೆ ಎಲ್ಲಿಯೂ ತಪ್ಪಿಲ್ಲ, ಸುಂಕ ಹಾಕಿಲ್ಲವಲ್ಲ! ಆದರೆ ನೈಟ್ರೇಟನ್ನು ಕೊಳ್ಳುವವರು ಯಾರು? ಚಿಲಿ ದೂರು ಕೊಟ್ಟಿತು. 1950ರ ಏಪ್ರಿಲ್‌ನಲ್ಲಿ ಅಂಗೀಕಾರವಾದ ವರದಿ, ಆಸ್ಟ್ರೇಲಿಯ ನಿಯಮ ಮುರಿದಿಲ್ಲ, ಆದರೆ ಎರಡೂ ಗೊಬ್ಬರಗಳಿಗೆ ಸಮನಾದ ಉಪಚಾರ ಮುಂದುವರಿಯುತ್ತದೆ ಎಂದು ನಂಬಲು ಚಿಲಿಗೆ ಕಾರಣವಿತ್ತು, ಆದ್ದರಿಂದ ಅದಕ್ಕೊಂದು ಪರಿಹಾರ ಆಗಬೇಕು ಎಂದು ಹೇಳಿತು. ಬಾವಿ ಮತ್ತು ಬೋರಿನ ನ್ಯಾಯವೇ.

ಇಲ್ಲಿ ಗಮನಿಸಬೇಕಾದದ್ದು, ಚಿಲಿಯ ಕೈಯಲ್ಲಿ ಒಂದು ಸೌದಾ ಇತ್ತು. ಇಂಥ ಸರಕಿಗೆ ಇಷ್ಟು ಸುಂಕ ಎಂದು ಚೌಕಾಸಿ ಮಾಡಿ, ತಾನೂ ಏನನ್ನೋ ಬಿಟ್ಟುಕೊಟ್ಟು ಪಡೆದ ಮಾತು. ಏನು ನಂಬಿದ್ದೆ, ಎಷ್ಟು ನಷ್ಟವಾಯಿತು ಎಂಬುದನ್ನು ಲೆಕ್ಕ ಹಾಕಿ ತೋರಿಸಬಹುದಿತ್ತು. ಅಮೆರಿಕ 1990ರಲ್ಲಿ ಯುರೋಪಿನ ಎಣ್ಣೆಕಾಳುಗಳ ವಿಷಯದಲ್ಲಿ ಗೆದ್ದದ್ದೂ ಇಂಥದೇ ಲೆಕ್ಕದಿಂದ. ಎಣ್ಣೆಕಾಳಿಗೆ ಸುಂಕವಿಲ್ಲ ಎಂದು 1962ರಲ್ಲಿ ಒಪ್ಪಿಕೊಂಡಿದ್ದ ಯುರೋಪು ಆಮೇಲೆ ತನ್ನ ಬೆಳೆಗೆ ಸಬ್ಸಿಡಿ ಸುರಿದು ಆ ಮಾತನ್ನು ಟೊಳ್ಳು ಮಾಡಿತ್ತು. ಜಪಾನಿನ ಫೋಟೊ ಫಿಲಂ ಪೇಟೆಯ ಬಗ್ಗೆ ಅಮೆರಿಕ ತಂದ, ಕೊಡಕ್–ಫ್ಯೂಜಿ ಎಂದೇ ಹೆಸರಾದ ದೂರು ಮಾತ್ರ 1998ರಲ್ಲಿ ಬಿದ್ದುಹೋಯಿತು. ಐವತ್ತು ವರ್ಷಗಳಲ್ಲಿ ಈ ಬಗೆಯ ದೂರನ್ನು ಆಳವಾಗಿ ವಿಚಾರಿಸಿದ್ದು ಎಂಟೇ ಬಾರಿ, ಇದು ಅಪರೂಪಕ್ಕೆ ಬಳಸುವ ಪರಿಹಾರವಾಗಿಯೇ ಉಳಿಯಬೇಕು ಎಂದು ಆ ಪೀಠವೇ ಹೇಳಿತು.

ಸರಕಿನ ಸುಂಕದ ಈ ನ್ಯಾಯ ಪೇಟೆಂಟು, ಕಾಪಿರೈಟು, ಟ್ರೇಡ್‌ಮಾರ್ಕುಗಳ ಲೋಕಕ್ಕೆ ಬಂದದ್ದು ಹೇಗೆ? 1986ರಲ್ಲಿ ಉರುಗ್ವೆಯಲ್ಲಿ ಶುರುವಾದ ಮಾತುಕತೆಯಲ್ಲಿ ಶ್ರೀಮಂತ ದೇಶಗಳು ಬೌದ್ಧಿಕ ಆಸ್ತಿಯನ್ನೂ ವ್ಯಾಪಾರದ ಒಪ್ಪಂದದೊಳಗೆ ತರಬೇಕೆಂದು ಹಟ ಹಿಡಿದವು. 1991ರ ಡಿಸೆಂಬರಿನಲ್ಲಿ ಗ್ಯಾಟಿನ ಮುಖ್ಯಸ್ಥ ಆರ್ಥರ್ ಡಂಕೆಲ್ ಮುಂದಿಟ್ಟ ಕರಡಿನ ಹೆಸರನ್ನು ಕರ್ನಾಟಕದ ರೈತ ಮರೆತಿರಲಾರ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರಾಜ್ಯ ರೈತ ಸಂಘದವರು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ಹಾಕಿ ಸುಟ್ಟರು. 1993ರಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿ ಕಟ್ಟುತ್ತಿದ್ದ ಘಟಕಕ್ಕೆ ನುಗ್ಗಿದರು. ಅದೇ ವರ್ಷದ ಗಾಂಧಿ ಜಯಂತಿಯಂದು ಬೆಂಗಳೂರಿನಲ್ಲಿ ಬೃಹತ್ ರ್‍ಯಾಲಿ ನಡೆಸಿದರು. ಬೀಜ ನಮ್ಮದಾಗಿ ಉಳಿಯುತ್ತದೆಯೇ ಎಂಬುದೇ ಅವರ ಪ್ರಶ್ನೆ. ಕಚೇರಿ ಸುಟ್ಟದ್ದನ್ನು ಒಪ್ಪದವರೂ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. 1994ರ ಏಪ್ರಿಲ್ 15ರಂದು ಮೊರಾಕ್ಕೊದ ಮರಕೇಶಿನಲ್ಲಿ ಸಹಿ ಬಿತ್ತು. 1995ರ ಜನವರಿ 1ರಿಂದ ವಿಶ್ವ ವ್ಯಾಪಾರ ಸಂಘಟನೆಯೂ, ಅದರೊಂದಿಗೆ ಟ್ರಿಪ್ಸ್ ಎಂದು ಕರೆಯುವ ವ್ಯಾಪಾರ ಸಂಬಂಧಿ ಬೌದ್ಧಿಕ ಆಸ್ತಿ ಒಪ್ಪಂದವೂ ಜಾರಿಗೆ ಬಂದವು.

ಸಹಿಯ ವೇಳೆಯಲ್ಲೇ, ಟ್ರಿಪ್ಸ್ ವಿಷಯದಲ್ಲಿ ಉಲ್ಲಂಘನೆಯಿಲ್ಲದ ದೂರು ಇರಬೇಕೇ ಎಂಬ ಪ್ರಶ್ನೆಗೆ ಒಮ್ಮತ ಸಿಕ್ಕಿರಲಿಲ್ಲ. ಸಿಗದಿದ್ದಾಗ ಮಾಡುವಂತೆಯೇ ಮಾಡಿದರು, ಮುಂದಕ್ಕೆ ಹಾಕಿದರು. 64ನೇ ವಿಧಿಯ ಎರಡನೇ ಉಪವಿಧಿ ಐದು ವರ್ಷ ಇಂಥ ದೂರು ಬೇಡ ಎಂದಿತು. ಮೂರನೇ ಉಪವಿಧಿ, ಆ ಅವಧಿಯಲ್ಲಿ ಟ್ರಿಪ್ಸ್ ಸಮಿತಿ ಇಂಥ ದೂರಿನ ವ್ಯಾಪ್ತಿ ಮತ್ತು ವಿಧಾನವನ್ನು ಪರಿಶೀಲಿಸಿ ಸಚಿವರ ಸಮ್ಮೇಳನಕ್ಕೆ ಶಿಫಾರಸು ಮಾಡಬೇಕು, ಆ ಶಿಫಾರಸನ್ನು ಒಪ್ಪುವುದಾಗಲಿ ತಡೆಯ ಅವಧಿ ಹೆಚ್ಚಿಸುವುದಾಗಲಿ ಒಮ್ಮತದಿಂದಲೇ ಆಗಬೇಕು ಎಂದಿತು. ಐದು ವರ್ಷ 1999ರ ಡಿಸೆಂಬರ್ 31ಕ್ಕೆ ಮುಗಿಯಿತು. ಶಿಫಾರಸು ಬರಲಿಲ್ಲ. ಆ ತಿಂಗಳ ಸಿಯಾಟಲ್ ಸಮ್ಮೇಳನ ಬೀದಿಯ ಗಲಾಟೆ, ಒಳಗಿನ ಭಿನ್ನಮತಗಳಲ್ಲಿ ಮುರಿದುಬಿತ್ತು. ಶಿಫಾರಸೂ ಇಲ್ಲ, ವಿಸ್ತರಣೆಯೂ ಇಲ್ಲ ಎಂದಾದರೆ ಬಾಗಿಲು ತೆರೆದಿದೆಯೇ, ಮುಚ್ಚಿದೆಯೇ? ತಾನಾಗಿಯೇ ತೆರೆಯಿತು ಎಂದು ಅಮೆರಿಕ. ಒಮ್ಮತವಿಲ್ಲದೆ ತೆರೆಯಲು ಬರುವುದಿಲ್ಲ ಎಂದು ಭಾರತ, ಬ್ರೆಜಿಲ್ ಮುಂತಾದವು.

ಆ ಹೊತ್ತಿಗೆ ಭಾರತ ಈ ವಿಷಯದ ಪಾಠವನ್ನು ಸ್ವಂತ ಅನುಭವದಿಂದ ಕಲಿತಿತ್ತು. ನಮ್ಮ 1970ರ ಪೇಟೆಂಟ್ ಕಾಯಿದೆ ಔಷಧಿಯ ತಯಾರಿಕೆಯ ವಿಧಾನಕ್ಕೆ ಪೇಟೆಂಟ್ ಕೊಡುತ್ತಿತ್ತು, ಔಷಧಿಗೇ ಕೊಡುತ್ತಿರಲಿಲ್ಲ. ಟ್ರಿಪ್ಸ್ ಪ್ರಕಾರ 2005ರೊಳಗೆ ಅದನ್ನು ಬದಲಿಸಬೇಕಿತ್ತು. ಅಲ್ಲಿಯವರೆಗೆ ಕಂಪನಿಗಳ ಅರ್ಜಿಗಳನ್ನು ಪಡೆದು, ದಿನಾಂಕ ಹಾಕಿ ಕಾದಿರಿಸಬೇಕಿತ್ತು. ಭಾರತ ಅದನ್ನು ಕಾನೂನು ತರದೆ ಆಡಳಿತದ ಸೂಚನೆಗಳ ಮೇಲೆ ನಡೆಸುತ್ತಿತ್ತು. 1996ರಲ್ಲಿ ಅಮೆರಿಕ ದೂರು ಕೊಟ್ಟಿತು, 1997ರ ಸೆಪ್ಟೆಂಬರಿನಲ್ಲಿ ಪೀಠ ಭಾರತದ ವಿರುದ್ಧ ತೀರ್ಪು ನೀಡಿತು. ಒಪ್ಪಂದದಿಂದ ಇತರ ದೇಶಗಳು ಇಟ್ಟುಕೊಳ್ಳುವ ‘ನ್ಯಾಯಸಮ್ಮತ ನಿರೀಕ್ಷೆ’ಗಳನ್ನು ರಕ್ಷಿಸಬೇಕು ಎಂಬ ಮಾತು ಆ ತೀರ್ಪಿನ ಅಡಿಪಾಯದಲ್ಲಿತ್ತು. ಭಾರತ ಮೇಲ್ಮನವಿ ಹೋಯಿತು. ಡಿಸೆಂಬರ್ 19ರಂದು ಬಂದ ಮೇಲ್ಮನವಿ ಪೀಠದ ತೀರ್ಪಿನಲ್ಲಿಯೂ ಭಾರತವೇ ಸೋತಿತು. 1999ರಲ್ಲಿ ಕಾಯಿದೆ ತಿದ್ದಬೇಕಾಯಿತು. ಪತ್ರಿಕೆಗಳಲ್ಲಿ ಸೋಲಿನ ಸುದ್ದಿಯೇ ದೊಡ್ಡದಾಗಿ ಬಂತು. ಆದರೆ ಒಳಗೆ ಒಂದು ಗೆಲುವಿತ್ತು. ನಿರೀಕ್ಷೆಯ ಮಾತು ಉಲ್ಲಂಘನೆಯಿಲ್ಲದ ದೂರಿಗೆ ಸೇರಿದ್ದು, ಟ್ರಿಪ್ಸಿಗೆ ಆ ದೂರು ಸದ್ಯ ಅನ್ವಯಿಸುವುದಿಲ್ಲ, ಆದ್ದರಿಂದ ಒಪ್ಪಂದದಲ್ಲಿ ಬರೆದಿರುವ ಮಾತುಗಳನ್ನೇ ನೋಡಬೇಕು, ಬರೆಯದ ನಿರೀಕ್ಷೆಗಳನ್ನು ಅದರೊಳಗೆ ತುರುಕಬಾರದು ಎಂದು ಪೀಠ ಪೇಟೆಂಟ್ ಕಾಯಿದೆಯ ಆ ಚರ್ಚೆಯಲ್ಲೇ ಹೇಳಿತು. ಬರೆದದ್ದಕ್ಕೆ ನಾವು ಬದ್ಧರು, ಅವರು ಆಸೆಪಟ್ಟದ್ದಕ್ಕೆ ಅಲ್ಲ ಎಂಬ ಈ ಗೆರೆ ಆಮೇಲಿನ ವಾದಕ್ಕೆಲ್ಲ ಆಧಾರವಾಯಿತು.

2001ರ ದೋಹಾ ಸಮ್ಮೇಳನದಲ್ಲಿ, ಮುಂದಿನ ಸಮ್ಮೇಳನದವರೆಗೆ ಯಾರೂ ಇಂಥ ದೂರು ತರಬಾರದೆಂದು ಒಪ್ಪಿಕೊಂಡರು. ಅದರ ಮರುವರ್ಷ ಭಾರತ, ಬ್ರೆಜಿಲ್, ಈಜಿಪ್ಟ್, ಕೀನ್ಯಾ, ಮಲೇಶಿಯ ಮುಂತಾದ ಹದಿನಾಲ್ಕು ದೇಶಗಳು ಕೂಡಿ, ಟ್ರಿಪ್ಸಿಗೆ ಈ ದೂರು ಬೇಡವೇ ಬೇಡ ಎಂದು ಬರೆದುಕೊಟ್ಟವು. ಆ ಪಟ್ಟಿಯಲ್ಲಿ ಪಾಕಿಸ್ತಾನವೂ ಇತ್ತು ಎಂಬುದನ್ನು ಹೇಳಿ ಮುಂದೆ ಹೋಗುತ್ತೇನೆ. ಅಂದಿನಿಂದ 2004, 2005, 2009, 2011, 2013, 2015, 2017, 2019, 2022 ಹೀಗೆ ತಡೆಯನ್ನು ಎಳೆಯುತ್ತ ಬಂದರು. 2024ರಲ್ಲಿ ಅಬುಧಾಬಿಯಲ್ಲಿ, 14ನೇ ಸಮ್ಮೇಳನ ಅಥವಾ 2026ರ ಮಾರ್ಚ್ 31, ಯಾವುದು ಮೊದಲೋ ಅಲ್ಲಿಯವರೆಗೆ ಎಂದು ತೀರ್ಮಾನಿಸಿದರು. ಈ ತಡೆಯ ಜೊತೆಗೇ ಇನ್ನೊಂದು ತಡೆ ಜೋಡೆತ್ತಿನಂತೆ ನಡೆದು ಬಂದಿದೆ. ಇಂಟರ್‌ನೆಟ್ ಮೂಲಕ ಸಾಗುವ ಸರಕಿಗೆ ಸುಂಕ ಹಾಕಬಾರದೆಂದು 1998ರಲ್ಲಿ ಒಪ್ಪಿದ ತಡೆ ಅದು. ಮೊದಲನೆಯದು ಭಾರತದಂಥ ದೇಶಗಳಿಗೆ ಬೇಕು, ಎರಡನೆಯದು ಅಮೆರಿಕಕ್ಕೆ ಬೇಕು. ನೀನು ಅದನ್ನು ಬಿಟ್ಟುಕೊಡು, ನಾನು ಇದನ್ನು ಬಿಟ್ಟುಕೊಡುತ್ತೇನೆ ಎಂಬ ಕೊಡುಕೊಳ್ಳುವಿಕೆ ಪ್ರತಿ ಸಮ್ಮೇಳನದ ಕೊನೆಯ ರಾತ್ರಿಯ ಸಂಗತಿ. ತತ್ವದ ಪ್ರಶ್ನೆ ಹೀಗೆ ಅಡತಿ ಅಂಗಡಿಯ ವ್ಯವಹಾರವಾದದ್ದು ನನಗೆ ಒಳ್ಳೆಯದಾಗಿ ಕಾಣುವುದಿಲ್ಲ.

ಇಷ್ಟೆಲ್ಲ ಯಾಕೆ? ಬಾಗಿಲು ತೆರೆದರೆ ಆಗುವುದೇನು? ಎರಡು ಕಡೆ ನೋಡಬೇಕು, ಔಷಧಿ ಅಂಗಡಿಯಲ್ಲಿ ಮತ್ತು ಬೀಜದ ಮಡಕೆಯಲ್ಲಿ.

ಸೇಡಂನ ರೈಲು ಮುಟ್ಟುವ ಹೈದರಾಬಾದಿನಲ್ಲಿ ನ್ಯಾಟ್ಕೊ ಎಂಬ ಔಷಧ ಕಂಪನಿಯಿದೆ. 2012ರ ಮಾರ್ಚಿನಲ್ಲಿ ಪೇಟೆಂಟ್ ಕಂಟ್ರೋಲರ್ ಅದಕ್ಕೆ ಒಂದು ಕಡ್ಡಾಯ ಪರವಾನಗಿ ನೀಡಿದರು. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿಗೆ ಕೊಡುವ, ಜರ್ಮನಿಯ ಬೇಯರ್ ಕಂಪನಿಯ ಪೇಟೆಂಟಿನಲ್ಲಿದ್ದ ಔಷಧಿ ಅದು. ಒಂದು ತಿಂಗಳ ಗುಳಿಗೆಗೆ ಬೇಯರ್ ಕೇಳುತ್ತಿದ್ದದ್ದು ಸುಮಾರು 2 ಲಕ್ಷ 80 ಸಾವಿರ ರೂಪಾಯಿ. ನ್ಯಾಟ್ಕೊ 8,880 ರೂಪಾಯಿ ಮೀರದಂತೆ ಮಾರಬೇಕು, ಬೇಯರ್‌ಗೆ ಗೌರವಧನ ಕೊಡಬೇಕು ಎಂದಾಯಿತು. ಟ್ರಿಪ್ಸಿನ 31ನೇ ವಿಧಿ ಇಂಥ ಪರವಾನಗಿಗೆ ಅವಕಾಶ ಕೊಟ್ಟಿದೆ. ಹಾಗೆಯೇ ಹಳೆಯ ಔಷಧಿಯ ಸಣ್ಣ ರೂಪಾಂತರಕ್ಕೆ ಹೊಸ ಪೇಟೆಂಟ್ ನಿರಾಕರಿಸುವ ನಮ್ಮ ಕಾಯಿದೆಯ 3(ಡಿ) ಕಲಮನ್ನು ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ನೊವಾರ್ಟಿಸ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಈ ಕ್ರಮಗಳ ವಿರುದ್ಧ ಯಾವ ದೇಶವೂ ಜಿನೀವಾದ ಪೀಠದ ಮುಂದೆ ಹೋಗಲಿಲ್ಲ. ಮಾಮೂಲಿ ದೂರಿನಲ್ಲಿ ಯಾವ ವಿಧಿ ಮುರಿದಿದೆ ಎಂದು ತೋರಿಸಬೇಕು, ಅದು ಸುಲಭವಲ್ಲ. ಉಲ್ಲಂಘನೆಯಿಲ್ಲದ ದೂರಿಗೆ ಅವಕಾಶವಿದ್ದರೆ ಆ ಕಷ್ಟವಿಲ್ಲ. ‘ವಿಧಿ ಮುರಿದಿಲ್ಲ ಸರಿ, ಪೇಟೆಂಟಿನಿಂದ ನಮ್ಮ ಕಂಪನಿ ಇಷ್ಟು ಗಳಿಸುತ್ತದೆಂದು ನಾವು ನಿರೀಕ್ಷಿಸಿದ್ದೆವು’ ಎನ್ನಬಹುದು. ಬೆಲೆ ನಿಯಂತ್ರಣದ ಆದೇಶವನ್ನೂ ಹೀಗೆಯೇ ಪ್ರಶ್ನಿಸಬಹುದು. ಟ್ರಿಪ್ಸಿನ 8ನೇ ವಿಧಿ ಜನಾರೋಗ್ಯಕ್ಕೆಂದು ಕ್ರಮ ಕೈಗೊಳ್ಳಲು ಬಿಟ್ಟುಕೊಟ್ಟ ಜಾಗ ನಿರೀಕ್ಷೆಯ ಹೆಸರಿನಲ್ಲಿ ಕಿರಿದಾಗುತ್ತದೆ ಎಂಬುದು ಭಾರತದ ಆತಂಕ.

ಬೀಜದ ಕತೆ ಇನ್ನೂ ಹತ್ತಿರದ್ದು. ಹೊಲದ ತೊಗರಿಗೆ ನೆಟೆ ರೋಗ ತಗುಲಿದರೆ ಹೂಬಿಡುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗುತ್ತವೆ. ಹೈದರಾಬಾದಿನ ಹತ್ತಿರದ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ರೈತರ ನಾಟಿ ತಳಿಯಿಂದ ಆಯ್ದು ರೂಪಿಸಿದ, ಐಸಿಪಿ 8863 ಎಂಬ ಸಂಖ್ಯೆಯ, ನೆಟೆ ತಡೆದುಕೊಳ್ಳುವ ತಳಿ 1986ರಲ್ಲಿ ಕರ್ನಾಟಕದಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಮುಂದಿನ ವರ್ಷಗಳಲ್ಲಿ ಅದು ಗುಲಬರ್ಗಾ ಸೀಮೆಯನ್ನೆಲ್ಲ ಆವರಿಸಿತು. ಅದು ಹರಡಿದ್ದಕ್ಕೆ ಒಂದು ಕಾರಣ ರೋಗನಿರೋಧ, ಇನ್ನೊಂದು ಕಾರಣ ಅದಕ್ಕೆ ಒಡೆಯನಿರಲಿಲ್ಲ ಎಂಬುದು. ರಾಶಿಯಿಂದ ತೆಗೆದಿಟ್ಟ ಕಾಳನ್ನು ಮರುವರ್ಷ ಬಿತ್ತಬಹುದು, ಬೀಗರಿಗೆ ಒಂದು ಚೀಲ ಕೊಡಬಹುದು. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯಿದೆಯ 39ನೇ ಕಲಮು ಈ ಪದ್ಧತಿಯನ್ನೇ ಹಕ್ಕಾಗಿ ಬರೆದಿದೆ. ಕಾಯಿದೆಯಡಿ ರಕ್ಷಣೆ ಪಡೆದ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಮಾರಬಹುದು; ಕಂಪನಿಯ ಬ್ರಾಂಡ್ ಹೆಸರು ಹಾಕಿ ಮಾತ್ರ ಮಾರುವಂತಿಲ್ಲ. ಟ್ರಿಪ್ಸಿನ 27ನೇ ವಿಧಿ ಸಸ್ಯ ತಳಿಗಳಿಗೆ ಪೇಟೆಂಟ್ ಬೇಡವಾದರೆ ನಿಮ್ಮದೇ ಆದ ಪರಿಣಾಮಕಾರಿ ಪದ್ಧತಿ ಮಾಡಿಕೊಳ್ಳಿ ಎಂದಿದೆ, ನಾವು ಮಾಡಿಕೊಂಡಿದ್ದೇವೆ. ‘ಪರಿಣಾಮಕಾರಿ’ ಎಂದರೆ ಬೀಜ ಕಂಪನಿ ಏನು ನಿರೀಕ್ಷಿಸಿತ್ತೋ ಅದು ಎಂದು ಅರ್ಥ ಹೇಳುವ ದಾರಿ ತೆರೆದರೆ ಈ ಕಲಮಿನ ಮೇಲೆ ಕಣ್ಣು ಬೀಳದೇ ಇರದು.

ಎದುರು ಪಕ್ಷದ ವಾದವನ್ನೂ ಕೇಳಬೇಕು. ಅಮೆರಿಕ ಮತ್ತು ಸ್ವಿಟ್ಜರ್‌ಲೆಂಡ್ ಇಬ್ಬರೂ ಹೇಳುವುದು, ಸಹಿ ಹಾಕುವಾಗ ಐದೇ ವರ್ಷದ ತಡೆಗೆ ಒಪ್ಪಿದ್ದೆವು, ಇಪ್ಪತ್ತೈದು ವರ್ಷಕ್ಕಲ್ಲ. ನಿಯಮದ ಅಕ್ಷರವನ್ನು ಪಾಲಿಸಿ ಅದರ ಜೀವ ತೆಗೆಯುವ ಜಾಣತನ ಸರ್ಕಾರಗಳಿಗೆ ಗೊತ್ತಿದೆ. ಆಸ್ಟ್ರೇಲಿಯ ಗೊಬ್ಬರದಲ್ಲಿ ಮಾಡಿದ್ದನ್ನು ಯಾರಾದರೂ ಪೇಟೆಂಟಿನಲ್ಲಿ ಮಾಡಿದರೆ ಗತಿಯೇನು? ದೂರು ಕೊಟ್ಟವನೇ ವಿವರವಾಗಿ ಸಮರ್ಥಿಸಬೇಕು, ಗೆದ್ದರೂ ಎದುರು ದೇಶ ತನ್ನ ಕಾನೂನನ್ನು ರದ್ದು ಮಾಡಬೇಕಿಲ್ಲ, ಪರಸ್ಪರ ಒಪ್ಪುವ ಹೊಂದಾಣಿಕೆ ಮಾಡಿಕೊಂಡರೆ ಸಾಕು ಎಂದು ವಿವಾದ ಇತ್ಯರ್ಥದ ನಿಯಮಗಳೇ ಹೇಳುತ್ತವಲ್ಲ ಎಂದೂ ಅವರು ತೋರಿಸುತ್ತಾರೆ. ಈ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಬಾವಿ ಬತ್ತಿಸಿಕೊಂಡ ತಮ್ಮನ ಕಡೆ ನಮ್ಮ ಮನಸ್ಸು ವಾಲುವುದೂ ಇದಕ್ಕೇ.

ಆದರೆ ತಮ್ಮನಿಗೂ ಔಷಧ ಕಂಪನಿಗೂ ಒಂದು ವ್ಯತ್ಯಾಸವಿದೆ. ತಮ್ಮ ಎರಡು ಎಕರೆ ಕೊಟ್ಟು ಬಾವಿ ಪಡೆದವನು. ಚಿಲಿ ಸುಂಕದ ಸೌದಾ ಮಾಡಿದ ದೇಶ. ಟ್ರಿಪ್ಸ್ ಅಂಥ ಸೌದಾ ಅಲ್ಲ. ಪ್ರತಿಯೊಂದು ದೇಶದ ಕಾನೂನಿನಲ್ಲಿ ಕನಿಷ್ಠ ಇಷ್ಟು ರಕ್ಷಣೆ ಇರಲಿ ಎಂದು ಮಟ್ಟ ಹಾಕಿದ ಒಪ್ಪಂದ. ಪೇಟೆಂಟ್ ಎನ್ನುವುದು ಇತರರು ತಯಾರಿಸದಂತೆ ತಡೆಯುವ ಹಕ್ಕು. ಇಷ್ಟು ಸರಕು ಇಷ್ಟು ಬೆಲೆಗೆ ಮಾರಾಟವಾಗುತ್ತದೆ ಎಂಬ ಭರವಸೆ ಅಲ್ಲ. ಮಟ್ಟ ತಲುಪಿದ ಮೇಲೆ ಇನ್ನೂ ಏನೋ ನಿರೀಕ್ಷೆ ಉಳಿದಿದೆ ಎಂದರೆ ಅದನ್ನು ಯಾವ ಅಳತೆಯಿಂದ ಅಳೆಯುವುದು? ಹೊಂದಾಣಿಕೆ ಸಾಕು ಎಂಬುದೂ ಕಾಗದದ ಮೇಲೆ ಮೃದುವಾಗಿದೆ ಅಷ್ಟೆ. ಹೊಂದಾಣಿಕೆ ಆಗದಿದ್ದರೆ ದೊಡ್ಡ ದೇಶ ಸಣ್ಣ ದೇಶದ ಬಟ್ಟೆಗೋ ಅಕ್ಕಿಗೋ ಸುಂಕ ಏರಿಸಿ ಸೇಡು ತೀರಿಸಿಕೊಳ್ಳಬಹುದು. ಸಣ್ಣ ದೇಶ ಹಾಗೆ ಮಾಡಿದರೆ ದೊಡ್ಡದಕ್ಕೆ ನಾಟುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, 1997ರಲ್ಲಿ ಭಾರತಕ್ಕೆ ಆ ಗೆರೆ ಎಳೆದುಕೊಟ್ಟ ಮೇಲ್ಮನವಿ ಪೀಠ, ಅಮೆರಿಕ ಹೊಸ ಸದಸ್ಯರ ನೇಮಕಕ್ಕೆ ಒಪ್ಪದ ಕಾರಣ 2019ರ ಡಿಸೆಂಬರಿನಲ್ಲಿ ಕೆಲಸ ನಿಲ್ಲಿಸಿತು. ಕೆಳಗಿನ ಪೀಠ ನಿರೀಕ್ಷೆಯನ್ನು ಹಿಗ್ಗಿಸಿ ಓದಿದರೆ ತಿದ್ದುವವರಿಲ್ಲ. ಇದೊಂದೇ ಕಾರಣಕ್ಕಾದರೂ ಬಾಗಿಲು ಮುಚ್ಚಿರುವುದೇ ಲೇಸು ಎಂದು ನನ್ನ ಅಭಿಪ್ರಾಯ.

ಈ ದೂರು ನಮಗೂ ಉಪಯೋಗಕ್ಕೆ ಬರಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ತೊಗರಿಯ ನೆಲದಲ್ಲಿ ನಿಂತು ನೋಡಿದರೆ ಈ ಆಸೆ ಬಹಳ ದೂರ ಹೋಗುವುದಿಲ್ಲ. 2016ರಲ್ಲಿ ಮೊಜಾಂಬಿಕ್ ಜೊತೆ, ವರ್ಷಕ್ಕೆ ಒಂದರಿಂದ ಎರಡು ಲಕ್ಷ ಟನ್ ಬೇಳೆಕಾಳು ತರಿಸುವ ಒಪ್ಪಂದವಾಯಿತು. ಅದೇ ಹಂಗಾಮಿನಲ್ಲಿ ಇಲ್ಲಿಯೂ ಬಂಪರ್ ಬೆಳೆ ಬಂದು, ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಪೇಟೆಯ ಧಾರಣೆ ಅದರ ಕೆಳಗೆ ಕುಸಿಯಿತು. 2017ರಲ್ಲಿ ಆಮದಿಗೆ ಮಿತಿ ಹಾಕಿದರು, 2021ರಲ್ಲಿ ಮಿತಿ ತೆಗೆದರು. ಜಿಐ ಮುದ್ರೆಯಿಂದ ಬೆಳೆಗಾರ ನಿರೀಕ್ಷಿಸಿದ ಬೆಲೆ ಇದರಿಂದ ಇಳಿದಿದ್ದರೆ ದೂರು ಯಾರ ಮೇಲೆ? ತನ್ನದೇ ಸರ್ಕಾರದ ಮೇಲೆ. ಜಿನೀವಾದಲ್ಲಿ ದೂರುವವರೂ ಸರ್ಕಾರಗಳೇ, ದೂರಿಸಿಕೊಳ್ಳುವವರೂ ಸರ್ಕಾರಗಳೇ. ಚಿತ್ತಾಪುರದ ರೈತನಿಗೆ ಅಲ್ಲಿ ಕುರ್ಚಿಯಿಲ್ಲ. 2019ರ ಫೆಬ್ರವರಿಯಲ್ಲಿ ಅಮೆರಿಕ ಮತ್ತು ಕೆನಡ ತೊಗರಿ, ಕಡಲೆ ಸೇರಿದಂತೆ ಐದು ಬೇಳೆಕಾಳುಗಳಿಗೆ ಭಾರತ ಕೊಡುವ ಬೆಂಬಲ ಬೆಲೆ ಕೃಷಿ ಒಪ್ಪಂದದ ಮಿತಿಯನ್ನು ಮೀರಿದೆ ಎಂದು ಆಕ್ಷೇಪಿಸಿದಾಗ, ಅಲ್ಲಿ ಬರೆದ ಮಿತಿಯೊಂದಿತ್ತು, ಲೆಕ್ಕಕ್ಕೆ ಲೆಕ್ಕದಿಂದ ಉತ್ತರ ಹೇಳಬಹುದಿತ್ತು. ಬರೆದ ನಿಯಮದ ಮೇಲಿನ ಜಗಳಕ್ಕೆ ಇರುವ ಅನುಕೂಲ ಇದು.

ಇನ್ನು ಶಹಾಬಾದಿನ ಕಲ್ಲು. ಆ ಊರಿನ ಸುತ್ತ ಪದರ ಪದರವಾಗಿ ಏಳುವ ಬೂದುಬಣ್ಣದ ಸುಣ್ಣಕಲ್ಲಿನ ಚಪ್ಪಡಿಗಳು ರೈಲಿನಲ್ಲಿ ಮುಂಬಯಿ, ಪುಣೆಗಳಿಗೆ ಹೋಗಿ ಎಷ್ಟೋ ಮನೆ, ಚಾಳುಗಳ ನೆಲವಾದವು. ಮರಾಠಿಯಲ್ಲಿ ‘ಶಹಾಬಾದಿ ಫರಶಿ’ ಎನ್ನುವುದು ಊರಿನ ಹೆಸರಾಗಿ ಉಳಿಯದೆ ಕಲ್ಲಿನ ಜಾತಿಯ ಹೆಸರೇ ಆಯಿತು; ಬೇರೆ ಕಣಿವೆಯಿಂದ ಬಂದ ಕಲ್ಲಿಗೂ ಅದೇ ಹೆಸರು. ಹೀಗೆ ಸಾಮಾನ್ಯ ಪದವಾಗಿಬಿಟ್ಟ ಹೆಸರನ್ನು ಇತರ ದೇಶಗಳು ರಕ್ಷಿಸಬೇಕಾಗಿಲ್ಲ ಎಂದು ಟ್ರಿಪ್ಸಿನ 24ನೇ ವಿಧಿ ಹೇಳುತ್ತದೆ. ಅದಕ್ಕೂ ಮೊದಲಿನ ಷರತ್ತು, ತನ್ನ ದೇಶದಲ್ಲೇ ರಕ್ಷಣೆಯಿಲ್ಲದ ಹೆಸರಿಗೆ ಹೊರಗಡೆ ರಕ್ಷಣೆ ಕೇಳುವಂತಿಲ್ಲ. ನಮ್ಮ ಜಿಐ ಕಾಯಿದೆ 1999ರಲ್ಲಿ ಬಂದು 2003ರ ಸೆಪ್ಟೆಂಬರಿನಲ್ಲಿ ಜಾರಿಯಾಗುವ ಹೊತ್ತಿಗೆ ಶಹಾಬಾದಿನ ಹೆಸರು ಊರು ಬಿಟ್ಟು ಬಹಳ ಕಾಲವಾಗಿತ್ತು.